ಕೆಂಗೇರಿಯೋ ದಾಸರಹಳ್ಳಿಯೋ: ನಮ್ಮ ಕಡೆಯವರ ಬಾಡಿಗೆಯ ಚರಿತ್ರೆ



ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಭಟ್ಕಳ, ಹೊನ್ನಾವರ, ಕುಮಟೆಯ ಹುಡುಗ ಹುಡುಗಿಯರ ಮುಂದೆ ವರ್ಷ ವರ್ಷವೂ ಒಂದೇ ಪ್ರಶ್ನೆ: ಖೋಲಿ ಎಲ್ಲಿ ಹಿಡಿಯೂದು? ನಡುಪೇಟೆಯ ಬಾಡಿಗೆ ನಮಗೆ ಎಟುಕುವುದಿಲ್ಲ. ಎಟುಕುವುದು ಊರಿನ ಅಂಚು. ಆ ಅಂಚಿನಲ್ಲೂ ನಮ್ಮ ನಾಲ್ವರ ಲೆಕ್ಕದಲ್ಲಿ ಕೊನೆಗೆ ಉಳಿದದ್ದು ಎರಡೇ ಹೆಸರು. ಮೈಸೂರು ರಸ್ತೆಯ ಕೆಂಗೇರಿ, ತುಮಕೂರು ರಸ್ತೆಯ ದಾಸರಹಳ್ಳಿ. "ಬಸ್ಸೆಷ್ಟು, ಬಾಡಿಗೆಯೆಷ್ಟು ಅಂತ ನೋಡೂದು ಬಿಟ್ಟು ಇದರಲ್ಲಿ ಚರಿತ್ರೆ ಎಂತದು ಮಾರಾಯಾ?" ಎಂದು ಊರಿನ ಮಾಸ್ತರರೊಬ್ಬರು ನಕ್ಕರು. ಚರಿತ್ರೆ ಇದೆ. ನಮ್ಮ ಕರಾವಳಿಯ ಜನ ಪರವೂರಿನಲ್ಲಿ ಸೂರು ಹುಡುಕಿದ ನೂರೈವತ್ತು ವರ್ಷದ ಲೆಕ್ಕವನ್ನು ತೆಗೆದು ನೋಡಿದ ಮೇಲೆಯೇ ನಾವು ಎರಡರಲ್ಲಿ ಒಂದನ್ನು ಆರಿಸಿದೆವು. ಆ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ನಾಲ್ವರು ಎಂದರೆ ಒಬ್ಬ ಆಗೇರ, ಒಬ್ಬ ಮುಕ್ರಿ, ಒಬ್ಬ ನಾಮಧಾರಿ, ಒಬ್ಬ ಭಟ್ಕಳದ ಮುಸಲ್ಮಾನ. ನಾಲ್ವರ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಇಲ್ಲಿ ಜಾತಿ ಯಾಕೆ ಹೇಳಬೇಕು ಎನ್ನುವವರು ಒಂದು ದಿನ ನಮ್ಮ ಜೊತೆ ಮನೆ ಕೇಳಲು ಬರಲಿ.

ಊರಿನಲ್ಲಿ ನಮ್ಮ ಹಿರಿಯರಿಗೆ ಬಾಡಿಗೆ ಎಂಬ ಶಬ್ದದ ಗೊಡವೆ ಇರಲಿಲ್ಲ. ಅಲ್ಲಿದ್ದದ್ದು ಗೇಣಿ. ಮೂಲಗೇಣಿ ಎಂದರೆ ತಲೆತಲಾಂತರಕ್ಕೂ ಉಳಿಯುವಂಥದ್ದು. ಚಾಲಗೇಣಿ ಎಂದರೆ ಒಡೆಯರ ಮನಸ್ಸು ಇರುವಷ್ಟು ದಿನ. ಈ ಎರಡೂ ಗದ್ದೆ ಇದ್ದವರ ಮಾತು. ಗೇಣಿಯ ಭಾಗ್ಯವೂ ಇಲ್ಲದ ಕೂಲಿಯವರು ಒಡೆಯರ ತೋಟದ ಅಂಚಿನಲ್ಲಿ, ಗದ್ದೆಯ ಮೂಲೆಯಲ್ಲಿ, ಉಪ್ಪಿನ ಆಗರದ ಬದಿಯಲ್ಲಿ ಮಡ್ಲು ಹೊದೆಸಿದ ಬಿಡಾರ ಹಾಕಿಕೊಂಡಿದ್ದರು. ಸಾಣಿಕಟ್ಟೆಯ ಉಪ್ಪು ತಿನ್ನುವವರಿಗೆ ಆ ಉಪ್ಪು ಗೋರಿದವರ ಬಿಡಾರ ಯಾರ ಜಾಗದಲ್ಲಿತ್ತು ಎಂಬುದು ಗೊತ್ತಿರಲಿಕ್ಕಿಲ್ಲ. ಬಿಡಾರಕ್ಕೆ ಬಾಡಿಗೆ ಇಲ್ಲ. ಅದಕ್ಕೆ ಬದಲು ಕರೆದಾಗ ಹೋಗಬೇಕು. ನಟ್ಟಿಗೆ ಹೋಗಬೇಕು, ಕೊಯ್ಲಿಗೆ ಹೋಗಬೇಕು, ಒಡೆಯರ ಮನೆಯ ಮದುವೆಗೆ ಕಟ್ಟಿಗೆ ಒಡೆಯಬೇಕು, ಊಟ ಹೊರಗೆ ಕೂತು ಉಣ್ಣಬೇಕು. ಎದುರುತ್ತರ ಕೊಟ್ಟ ಸಂಜೆಯೇ 'ಬಿಡಾರ ಕಿತ್ಕೊ' ಎಂಬ ಅಪ್ಪಣೆ. ಸೂರಿನ ಬೆಲೆಯನ್ನು ಬೆನ್ನಿನಿಂದ, ನಾಲಿಗೆಯಿಂದ ಕಟ್ಟುವ ಪದ್ಧತಿ ಇದು. ಇದನ್ನು ಮರೆತರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ದಿನಕರ ದೇಸಾಯಿಯವರು ಈ ಜಿಲ್ಲೆಯ ರೈತರನ್ನು ಸಂಘಟಿಸಿದ್ದಕ್ಕೆ 1940ರಲ್ಲಿ ಮುಂಬಯಿ ಸರಕಾರ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಗೇಣಿ ನಿಜವಾಗಿ ಮುರಿದದ್ದು 1974ರಲ್ಲಿ, ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಾಗ. ಕರಾವಳಿಯ ಒಕ್ಕಲುಗಳು ಭೂನ್ಯಾಯಮಂಡಳಿಯ ಮುಂದೆ ಸಾಲುಗಟ್ಟಿದರು, ಗದ್ದೆ ಪಡೆದರು. ನಾಮಧಾರಿ ಗೆಳೆಯನ ಅಜ್ಜನಿಗೆ ಗದ್ದೆ ಬಂತು. ಆಗೇರ, ಮುಕ್ರಿ ಅಜ್ಜಂದಿರು ಗೇಣಿಯ ಒಕ್ಕಲೇ ಆಗಿರಲಿಲ್ಲವಲ್ಲ, ಬರೇ ಕೂಲಿ. ಅವರ ಪಾಲಿಗೆ ಅದೇ ಕಾಯ್ದೆಯ 38ನೇ ಕಲಮು ಇತ್ತು: ಕೂಲಿಕಾರ ವಾಸವಿರುವ ಮನೆಯ ಜಾಗ ಅವನದೇ. ಅರ್ಜಿ ಹಾಕಿದವನಿಗೆ ಬಿಡಾರದಡಿಯ ನೆಲ ಸಿಕ್ಕಿತು. ಅರ್ಜಿ ಬರೆದುಕೊಡುವವರೇ ಒಡೆಯರಾಗಿದ್ದ ಕಡೆ ಅದೂ ಇಲ್ಲ. ಅಷ್ಟು ನೆಲದಲ್ಲಿ ಗೇರುಗಿಡವೊಂದು ನಿಲ್ಲಬಹುದು, ಒಂದು ಸಂಸಾರ ನಿಲ್ಲುವುದಿಲ್ಲ. ಹಾಗಾಗಿ ಜನ ಹೊರಟರು.

ಮೊದಲು ಹೊರಟದ್ದು ಮುಂಬಯಿಗೆ. ದಾರಿ ಹಾಕಿಕೊಟ್ಟದ್ದು ಹತ್ತಿ. 1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳು ಇಂಡಿಯಾದ ಕಡೆ ನೋಡಿದವು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂತು. ಬೆಳೆದದ್ದು ಬಯಲುಸೀಮೆಯಾದರೂ ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ಕುಮಟೆ ಹತ್ತಿ ಎಂದೇ ಹೆಸರು. ಈ ವ್ಯಾಪಾರದ ಅನುಕೂಲಕ್ಕಾಗಿಯೇ ಮುಂಬಯಿಯ ಹತ್ತಿ ಸಾಹುಕಾರರು ಒತ್ತಾಯ ಮಾಡಿ, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನಮ್ಮನ್ನು ಯಾರೂ ಕೇಳಲಿಲ್ಲ. 1880ರ ದಶಕದ ಕೊನೆಗೆ ರೈಲು ಘಟ್ಟದ ಮೇಲಿನಿಂದ ನೇರ ಮರ್ಮಗೋವೆಗೆ ಹೋದ ಮೇಲೆ ಕುಮಟೆಯ ಬಂದರು ಸೊರಗಿತು. ಹತ್ತಿ ನಿಂತರೂ ಆಗಬೋಟು ನಿಲ್ಲಲಿಲ್ಲ. ಅದರಲ್ಲಿ ಜನ ಹೋಗತೊಡಗಿದರು. ಹೋಟೆಲಿಗೆ, ಹಡಗಿಗೆ, ಡಾಕಿಗೆ, ಗುಮಾಸ್ತಿಕೆಗೆ.

ಈಗ ಒಂದೇ ಆಗಬೋಟಿನಲ್ಲಿ ಹೋದವರ ಎರಡು ದಾರಿ ನೋಡಿ.

ಭಟ್ಕಳ ತಾಲೂಕಿನ ಶಿರಾಲಿಯಲ್ಲಿ ಚಿತ್ರಾಪುರ ಮಠವಿದೆ. ಆ ಮಠದ ಸಾರಸ್ವತರು ಮುಂಬಯಿಯಲ್ಲಿ 1911ರಲ್ಲಿ ಕೆನರಾ ಸಾರಸ್ವತ ಅಸೋಸಿಯೇಶನ್ ಕಟ್ಟಿಕೊಂಡರು. 1915ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳತ್ವದಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಇಂಡಿಯಾದ ಸಹಕಾರಿ ವಸತಿಯ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ತಾರದೇವದ ತಲ್ಮಕಿವಾಡಿಗೆ ಅವರದೇ ಹೆಸರು. ಊರಾಚೆಯ ಸಾಂತಾಕ್ರೂಜಿನಲ್ಲೂ ಸಾರಸ್ವತ ಕಾಲೊನಿ ಎದ್ದಿತು. ಕುಮಟೆಯಿಂದ ಬಂದಿಳಿದ ಆ ಜಾತಿಯ ಹುಡುಗನಿಗೆ ಎಲ್ಲಿ ಇರುವುದು ಎಂಬ ಚಿಂತೆ ಇರಲಿಲ್ಲ. ಈ ಕೆಲಸವನ್ನು ನಾವು ಹೀಗಳೆಯುವುದಿಲ್ಲ. ಪರವೂರಿನಲ್ಲಿ ಪರದಾಡಿದವರು ಕೂಡಿ ಮನೆ ಕಟ್ಟಿಕೊಂಡರೆ ತಪ್ಪೇನು? ಆದರೆ ಬಾಗಿಲ ಮೇಲೆ ಜಾತಿಯ ಹೆಸರು ಬರೆದು ಒಳಗೆ ಸಹಕಾರ ನಡೆಸಬಹುದು ಎಂಬುದನ್ನು ಈ ದೇಶ ಆಗಲೇ ಕಲಿತುಕೊಂಡಿತು. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ಹೌಸಿಂಗ್ ಸೊಸೈಟಿಯ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ತಮ್ಮವರಿಗಷ್ಟೇ ಮೀಸಲಿಡುವ ಬೈಲಾ ಸರಿ ಎಂದೇ ತೀರ್ಪು ಕೊಟ್ಟಿತು.

ಗಾಮದೇವಿಯ ಸಂಘ ಹುಟ್ಟಿ ಎರಡು ವರ್ಷಕ್ಕೆ, 1917ರಲ್ಲಿ, ಅಮೆರಿಕ, ಲಂಡನ್ನು ನೋಡಿ ಬಂದ ಅಂಬೇಡ್ಕರರು ಬರೋಡೆಯಲ್ಲಿ ಸೂರು ಹುಡುಕುತ್ತಿದ್ದರು. ಮಹಾರಾಜರ ಸರಕಾರದಲ್ಲಿ ನೌಕರಿ ಇತ್ತು, ತಲೆಯಿಡಲು ಜಾಗ ಇರಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಹೇಳಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂತು. ಸಂಜೆಯೊಳಗೆ ಖಾಲಿ ಮಾಡಬೇಕಾಯಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರೂ ನಯವಾಗಿ ಕೈಚೆಲ್ಲಿದರು. ರೈಲು ಬರುವ ತನಕ ಕಾಮಾಟಿ ಬಾಗ್ ಉದ್ಯಾನದಲ್ಲಿ ಕೂತು, ರಾತ್ರಿಯ ಗಾಡಿಗೆ ಅವರು ಮುಂಬಯಿಗೆ ಮರಳಿದರು. ಮುಂದೆ ಇದನ್ನೆಲ್ಲ ಅವರೇ ಬರೆದಿಟ್ಟರು. ಬಾಡಿಗೆ ಕೊಡಲು ಅವರ ಕಿಸೆಯಲ್ಲಿ ದುಡ್ಡಿತ್ತು ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. ಅವರು ಕಟ್ಟಲಾರದೆ ಹೋದದ್ದು ದುಡ್ಡಿನ ಮೇಲಿನ ಇನ್ನೊಂದು ಬಾಡಿಗೆಯನ್ನು. ಊರಿನ ಬಿಡಾರದಲ್ಲಿ ನಮ್ಮ ಅಜ್ಜಂದಿರು ಕಟ್ಟುತ್ತಿದ್ದದ್ದೂ ಅದನ್ನೇ.

ಮುಂಬಯಿಯಲ್ಲಿ ಅಂಬೇಡ್ಕರರ ಕುಟುಂಬ ಇದ್ದದ್ದು ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನಲ್ಲಿ. 1896ರ ಪ್ಲೇಗು ಮುಂಬಯಿಯನ್ನು ನಡುಗಿಸಿದ ಮೇಲೆ 1898ರಲ್ಲಿ ಹುಟ್ಟಿದ ಟ್ರಸ್ಟ್ ಅದು. 1920ರ ದಶಕದಲ್ಲಿ ಸರಕಾರ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಬಿಡಿಡಿ ಚಾಳುಗಳನ್ನು ಕಟ್ಟಿತು. ಒಂದೊಂದು ಖೋಲಿ 160 ಚದರಡಿ. ನಮ್ಮ ತಾಲೂಕುಗಳ ಬಡವರು ಇಂಥ ಚಾಳುಗಳಲ್ಲಿ, ಹೋಟೆಲಿನ ಅಟ್ಟದ ಮೇಲೆ, ಒಲೆಯ ಪಕ್ಕದಲ್ಲಿ ಮಲಗಿ ದಿನ ಕಳೆದರು. ಹಗಲು ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತ ಹುಡುಗರು ಎಷ್ಟೋ ಮಂದಿ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಖೋಲಿ ಇದ್ದವರನ್ನು ಕಾಪಾಡಿತು. ಇಲ್ಲದವರಿಗೆ ಪಗಡಿ ಎಂಬ ಹೊಸ ಗೋಡೆ ಎದ್ದಿತು. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಆಮೇಲೆ ಗಿರಣಿಗಳು ಮುಚ್ಚುತ್ತ ಹೋದವು, ನೆಲದ ಬೆಲೆ ಏರುತ್ತ ಹೋಯಿತು. ನಮ್ಮವರು ಡೊಂಬಿವಲಿಯೋ ನಾಲಾಸೋಪಾರವೋ ಎಂದು ಯೋಚಿಸತೊಡಗಿದರು. ಒಂದು ಸೆಂಟ್ರಲ್ ಲೈನು, ಒಂದು ವೆಸ್ಟರ್ನ್ ಲೈನು. ಇವತ್ತು ನಾವು ಕೇಳುತ್ತಿರುವ ಪ್ರಶ್ನೆಯನ್ನು ನಮ್ಮ ಮಾವಂದಿರು ಆಗಲೇ ಬೇರೆ ಹೆಸರುಗಳಲ್ಲಿ ಕೇಳಿಕೊಂಡಿದ್ದರು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರಾಜಧಾನಿ ಬದಲಾಯಿತು. ಆದರೂ ಬಹಳ ಕಾಲ ಹೊಟ್ಟೆಯ ರಾಜಧಾನಿ ಮುಂಬಯಿಯೇ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗಲೂ ಮೊದಲು ತುಂಬಿದ್ದು ಮುಂಬಯಿಯ ಗಾಡಿಗಳೇ. ನಮ್ಮ ತಲೆಮಾರಿಗೆ ಬಂದಾಗ ತಿರುವು ಬೆಂಗಳೂರಿನ ಕಡೆ. ಪರೀಕ್ಷೆ ಅಲ್ಲಿ, ಇಲಾಖೆಗಳು ಅಲ್ಲಿ, ಗಾರ್ಮೆಂಟು ಅಲ್ಲಿ, ಕಂಪ್ಯೂಟರು ಅಲ್ಲಿ.

ಬೆಂಗಳೂರಿಗೂ ಪ್ಲೇಗಿನ ಚರಿತ್ರೆ ಇದೆ. 1898ರಲ್ಲಿ ಪೇಟೆಯಲ್ಲಿ ಪ್ಲೇಗು ಬಿದ್ದ ಮೇಲೆ ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ಬೆಳೆದವು. ಗಾಳಿ ಬೆಳಕಿನ ರಸ್ತೆಗಳ ಜೊತೆಗೆ ಜಾತಿವಾರು ಬ್ಲಾಕುಗಳನ್ನೂ ನಕ್ಷೆಯಲ್ಲೇ ಬರೆದಿದ್ದರು. ಹಳ್ಳಿಯ ಕೇರಿಗೆ ನಕ್ಷೆ ಇರಲಿಲ್ಲ, ಪಟ್ಟಣದ್ದಕ್ಕೆ ಇಂಜಿನಿಯರು ರುಜು ಹಾಕಿದ, ಅಷ್ಟೇ ವ್ಯತ್ಯಾಸ. ಇದಕ್ಕೆ ಸ್ವಲ್ಪವಾದರೂ ಎದುರಾದದ್ದು ಸಾರ್ವಜನಿಕ ಕಾರ್ಖಾನೆಗಳು. ಜಾಲಹಳ್ಳಿಯ ಕಡೆ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅಲ್ಲಿ ಕ್ವಾರ್ಟರ್ಸ್ ಕೊಟ್ಟದ್ದು ಹುದ್ದೆ ನೋಡಿ. ಆ ಬಾಗಿಲಲ್ಲಿ ಯಾವ ಜನ ಎಂದು ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಒಳಗೆ ಪಿಸುಮಾತು ಇದ್ದೀತು. ಆದರೆ ಕೀಲಿಕೈ ಸಿಕ್ಕುತ್ತಿತ್ತು. 2016ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಮುಚ್ಚಿದಾಗ ಪೇಪರಿನವರು ಗಡಿಯಾರಕ್ಕಾಗಿ ಅತ್ತರು. ಅಂಥ ಕ್ವಾರ್ಟರ್ಸಿಗಾಗಿ ಅತ್ತವರನ್ನು ನಾವು ಕಾಣಲಿಲ್ಲ.

ಈಗ ಆ ಎರಡು ಹೆಸರಿಗೆ ಬರೋಣ.

ಕೆಂಗೇರಿ ಹಳೆಯ ಊರು. ಅದರ ಪಕ್ಕದಲ್ಲಿ ಸರಕಾರ ಸೈಟು ಅಳೆದು ಹಂಚಿ ಮಾಡಿದ್ದು ಕೆಂಗೇರಿ ಉಪನಗರ. ರಸ್ತೆ ನೇರ, ಸೈಟು ಚೌಕ. ಹತ್ತಿರದಲ್ಲೇ ಜ್ಞಾನಭಾರತಿ. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟಕ್ಕೆ ಮುಂದುವರಿಯಿತು. ಈಗ ಹತ್ತಿದ ಗಾಡಿಯಲ್ಲೇ ವೈಟ್‌ಫೀಲ್ಡಿನ ತನಕ ಹೋಗಬಹುದು. ಪರೀಕ್ಷೆಗೆ ಓದುವವರಿಗೆ ಬೇಕಾದ ವಿಜಯನಗರದ ಕೋಚಿಂಗ್ ಸೆಂಟರುಗಳೂ ಅದೇ ದಾರಿಯಲ್ಲಿ. ವೃಷಭಾವತಿಯ ನಾತ ಇದೆ, ಅದಕ್ಕೆ ಮೂಗು ಒಗ್ಗುತ್ತದೆ. ಕಾಗದದ ಮೇಲೆ ಕೆಂಗೇರಿಯೇ ಗೆಲ್ಲಬೇಕು. ನಮ್ಮಲ್ಲಿ ಇಬ್ಬರ ವೋಟು ಮೊದಲು ಅದಕ್ಕೇ ಇತ್ತು.

ದಾಸರಹಳ್ಳಿಯನ್ನು ಹಾಗೆ ಯಾರೂ ಅಳೆದು ಕಟ್ಟಲಿಲ್ಲ. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬಂತು. ಕಾರ್ಖಾನೆಗೆ ಬಂದವರಿಗೆ ಸುತ್ತಲಿನ ಹಳ್ಳಿಯವರು ಹೊಲದಲ್ಲೇ ಸಾಲು ಮನೆ ಎಬ್ಬಿಸಿದರು. ರೆವಿನ್ಯೂ ಸೈಟು, ಶೀಟಿನ ಮಾಡು, ಆರು ಮನೆಗೆ ಒಂದು ನಲ್ಲಿ. ಪೀಣ್ಯದ ಬೋರಿನ ನೀರಿಗೆ ಕಾರ್ಖಾನೆಗಳ ಕ್ರೋಮಿಯಂ ಇಳಿದಿದೆ, ಕುಡಿಯಲು ಕ್ಯಾನ್ ನೀರೇ ಗತಿ. ಚೈತ್ರ ಬಂತೆಂದರೆ ಶೀಟಿನಡಿಯಲ್ಲಿ ಮನುಷ್ಯ ಒಣಮೀನಾಗುತ್ತಾನೆ. ಮೆಟ್ರೋ 2015ರಲ್ಲಿ ನಾಗಸಂದ್ರಕ್ಕೆ, 2024ರಲ್ಲಿ ಮಾದಾವರಕ್ಕೆ ಮುಟ್ಟಿತು. ಪೂರ್ವದ ಕಡೆ ಹೋಗಬೇಕಾದರೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಹತ್ತಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ, 60 ರೂಪಾಯಿ ಇದ್ದ ಗರಿಷ್ಠ ಟಿಕೇಟು 90 ಆದ ಮೇಲೆ ಎರಡೂ ಕಡೆಯವರ ಕಿಸೆಗೆ ಒಂದೇ ಪೆಟ್ಟು. ನಮ್ಮ ಅಕ್ಕ ತಂಗಿಯರಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯ ಬಸ್ಸು ಪುಕ್ಕಟೆ, ಅದೂ ಎರಡೂ ಕಡೆ ಒಂದೇ. ದಾಸರಹಳ್ಳಿ ನಗರಸಭೆ, ಕೆಂಗೇರಿ ಪುರಸಭೆ ಎರಡೂ 2007ರಲ್ಲೇ ಬೆಂಗಳೂರು ಮಹಾನಗರದೊಳಗೆ ಕರಗಿದವು. ಆ ಲೆಕ್ಕಕ್ಕೆ ಅಣ್ಣತಮ್ಮಂದಿರು.

ವ್ಯತ್ಯಾಸ ಗೊತ್ತಾದದ್ದು ಬಾಗಿಲು ಬಡಿದಾಗ. ಯಾವ ಬೀದಿ, ಯಾರ ಮನೆ ಎಂಬುದು ಬೇಡ. ಅಳೆದು ಹಂಚಿದ ಬಡಾವಣೆಯ ಮನೆಗಳಲ್ಲಿ ಮಾಲೀಕರು ಕೆಳಗೆ ಇರುತ್ತಾರೆ, ಬಾಡಿಗೆಯವರು ಮೇಲೆ. ನಮ್ಮ ಒಲೆಯ ಹೊಗೆ ಅವರ ದೇವರಕೋಣೆಗೆ ಹೋಗುವ ದೂರ. "ಎಲ್ಲಿಯವರಪ್ಪಾ?" "ಕುಮಟೆ, ಹೊನ್ನಾವರ ಕಡೆ." ಮುಖ ಅರಳುತ್ತದೆ. ಆ ಕಡೆಯವರೆಂದರೆ ಅವರ ಕಣ್ಣಿಗೆ ಹವ್ಯಕರು, ಅಡಿಕೆ ತೋಟ, ಯಕ್ಷಗಾನ. "ನೀವು ಯಾವ ಪೈಕಿ?" ಇಲ್ಲಿ ನಾವು ಸುಮ್ಮನಾದರೆ ಎರಡನೆಯ ಪ್ರಶ್ನೆ: "ನಾನ್‌ವೆಜ್ ಇಲ್ಲ ಅಲ್ವಾ?" ಕರಾವಳಿಯವರನ್ನು ಹೊರಗಿಡಲು ಇದಕ್ಕಿಂತ ಸಲೀಸಾದ ಪ್ರಶ್ನೆ ಇಲ್ಲ. ಒಣ ಶೆಟ್ಲಿ ಸುಟ್ಟ ವಾಸನೆಗೆ ಜಾತಿ ಕೇಳುವ ಕಷ್ಟವೂ ಬೇಡ. (ಮೀನು ತಿನ್ನುವ ನಮ್ಮ ಕೊಂಕಣಿ ಬ್ರಾಹ್ಮಣ ಸಹಪಾಠಿಯೂ ಇಂಥ ಮನೆಯೊಂದರಲ್ಲಿ ಕಿಟಕಿ ಮುಚ್ಚಿ ಬಂಗಡೆ ಹುರಿಯುತ್ತಾನೆ. ಅಂವನಿಗೆ ಮನೆಯಂತೂ ಸಿಕ್ಕಿದೆ.)

ಭಟ್ಕಳದ ಗೆಳೆಯನ ಪಾಡು ಬೇರೆ. ಅಂವನ ಹೆಸರಿಗಿಂತ ಮೊದಲು ಆಧಾರ್ ಕಾರ್ಡಿನ ಊರಿನ ಹೆಸರು ಮಾತಾಡುತ್ತದೆ. 1993ರಲ್ಲಿ ತಿಂಗಳುಗಟ್ಟಲೆ ನಡೆದ ಕೋಮುಗಲಭೆ, ಆಮೇಲೆ ಟೀವಿಯವರು ಆ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿ ಕೂಗಿದ ವರ್ಷಗಳು, ಎಲ್ಲ ಸೇರಿ ಭಟ್ಕಳ ಎಂದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಭಟ್ಕಳದ ನಾಮಧಾರಿ ಹುಡುಗನಿಗೂ ಇದು ತಪ್ಪುವುದಿಲ್ಲ, ಅಂವನ ಕೊರಳಲ್ಲಿ ಕೇಸರಿ ಶಾಲು ಇದ್ದರೂ. ಪೇಟೆಯ ಮಾಲೀಕರಿಗೆ ಅಷ್ಟು ಬಿಡಿಸಿ ನೋಡುವ ಪುರುಸೊತ್ತಿಲ್ಲ.

ಕಾನೂನು ಇಲ್ಲವೇ? ಇದೆ. 1955ರ ಅಸ್ಪೃಶ್ಯತೆ ಅಪರಾಧ ಕಾಯ್ದೆ, ಈಗ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ವಾಸದ ಮನೆಯಲ್ಲಿ ಇರದಂತೆ ತಡೆಯುವುದನ್ನು ಅಪರಾಧ ಎನ್ನುತ್ತದೆ. ಆದರೆ ಮಾಲೀಕರು ಕಾರಣವನ್ನು ಬಾಯಿಬಿಟ್ಟು ಹೇಳಬೇಕಲ್ಲ? "ನಮ್ಮ ಅಳಿಯ ಬರ್ತಾ ಇದಾನೆ", "ಈಗ ತಾನೇ ಅಡ್ವಾನ್ಸ್ ತಗೊಂಡ್ವಿ" ಎಂಬ ಮಾತಿನ ಮೇಲೆ ಯಾವ ಕಲಮು ಹಾಕುತ್ತೀರಿ? ಬೋರ್ಡು ಮಾತ್ರ ಮೂರು ತಿಂಗಳಾದರೂ ನೇತಾಡುತ್ತಿರುತ್ತದೆ. ಮುಸಲ್ಮಾನ ಗೆಳೆಯನಿಗೆ ಈ ಕಾಯ್ದೆಯ ಆಸರೆಯೂ ಇಲ್ಲ.

ದಾಸರಹಳ್ಳಿಯ ಸಾಲುಮನೆಗಳ ಮಾಲೀಕರು ಪುಣ್ಯಾತ್ಮರೆಂದು ನಾವು ಹೇಳುತ್ತಿಲ್ಲ. ಅಲ್ಲೂ ಕೇಳಿದವರಿದ್ದರು. ಆದರೆ ಅಲ್ಲಿ ಬಾಡಿಗೆ ಎಂಬುದು ವ್ಯಾಪಾರ. ಹತ್ತು ಹನ್ನೆರಡು ಖೋಲಿ ಕಟ್ಟಿದವನು ಬೇರೆ ಕಡೆ ಇರುತ್ತಾನೆ, ತಿಂಗಳ ಐದನೆಯ ತಾರೀಕಿಗೆ ಬರುತ್ತಾನೆ. ರಾಯಚೂರಿನವರು, ಕೋಲಾರದವರು, ಒಡಿಶಾದವರು, ಬಿಹಾರದವರು ಇರುವ ಸಾಲಿನಲ್ಲಿ ಯಾರ ಒಲೆಯಲ್ಲಿ ಏನು ಬೇಯುತ್ತಿದೆ ಎಂದು ಮೂಸಿದರೆ ಅವನ ಖೋಲಿ ಖಾಲಿ ಬೀಳುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಎಂಬ ಬೆಂಗಳೂರಿನ ಶನಿ ಅಲ್ಲಿ ಎರಡು ಮೂರು ತಿಂಗಳಿಗೆ ಇಳಿಯುತ್ತದೆ, ಯಾಕೆಂದರೆ ಗಾರ್ಮೆಂಟಿನ ಹೆಣ್ಣುಮಕ್ಕಳ ಕೈಯಲ್ಲಿ ಹತ್ತು ತಿಂಗಳ ದುಡ್ಡು ಒಟ್ಟಿಗೆ ಇರುವುದಿಲ್ಲ. 2016ರ ಏಪ್ರಿಲಿನಲ್ಲಿ ಪ್ರಾವಿಡೆಂಟ್ ಫಂಡ್ ಮುಟ್ಟಬಾರದೆಂಬ ಹೊಸ ನಿಯಮದ ವಿರುದ್ಧ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದು, ಎರಡೇ ದಿನದಲ್ಲಿ ದಿಲ್ಲಿ ಸರಕಾರ ಅದನ್ನು ವಾಪಸು ತೆಗೆಯುವಂತೆ ಮಾಡಿದ್ದು ಇದೇ ಹೆಣ್ಣುಮಕ್ಕಳು. ಅಂಥವರ ಪಕ್ಕದ ಗೋಡೆ ನಮಗೆ ಬೇಕೆನಿಸಿತು.

ಇನ್ನೊಂದು ಕಾರಣ ಸಣ್ಣದು, ಆದರೆ ಇದೆ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ, ಸಾಗರ, ಶಿವಮೊಗ್ಗದ ಮೇಲೆ ತುಮಕೂರಿಗೆ ಹೋಗುವುದು ಹಳೆಯ 206ನೇ ಹೆದ್ದಾರಿ. ನಮ್ಮ ರಾತ್ರಿ ಬಸ್ಸುಗಳು ಬೆಂಗಳೂರಿಗೆ ಹೊಗುವುದು ತುಮಕೂರು ರಸ್ತೆಯಿಂದ, ನೆಲಮಂಗಲ, ಎಂಟನೇ ಮೈಲಿ, ದಾಸರಹಳ್ಳಿಯ ಮೇಲೆ. ಪಂಚಗಂಗಾ ರೈಲು ಯಶವಂತಪುರದಲ್ಲಿ ನಿಲ್ಲುತ್ತದೆ. ಅಬ್ಬೆಗೆ ಹುಷಾರಿಲ್ಲ ಎಂದು ಸಂಜೆ ಫೋನು ಬಂದರೆ ಬೆಳಗಾಗುವಷ್ಟರಲ್ಲಿ ಊರಿನಲ್ಲಿರಬಹುದು. ಕೆಂಗೇರಿಯಿಂದಾದರೆ ಮೊದಲು ಬೆಂಗಳೂರನ್ನೇ ದಾಟಬೇಕು.

ಪರೀಕ್ಷೆಗೆ ಓದುವ ಗೆಳೆಯ ದಿನಾ ಎರಡು ಮೆಟ್ರೋ ಹತ್ತಿ ಇಳಿದು ವಿಜಯನಗರಕ್ಕೆ ಹೋಗುತ್ತಾನೆ, ಗೊಣಗುತ್ತಾನೆ. ಅಂವನ ಗೊಣಗಾಟದಲ್ಲಿ ನ್ಯಾಯವಿದೆ. ಆ ಟಿಕೇಟಿನ ಅರ್ಧ ಹಣವನ್ನು ನಾವು ಮೂವರು ಹಂಚಿಕೊಳ್ಳುತ್ತೇವೆ.

ಕರಾರುಪತ್ರ ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಈ ಊರಿನಲ್ಲಿ ಎಲ್ಲರೂ ಹನ್ನೊಂದೇ ಬರೆಯುತ್ತಾರೆ. ಇಲ್ಲಿಗೆ ಬರುವ ಮೊದಲು ಮನೆ ಕೇಳುವಾಗ ಕುಮಟೆಯವನನ್ನು ಮುಂದೆ ಬಿಟ್ಟು, ಭಟ್ಕಳದವನನ್ನು ಹೋಟೆಲಿನಲ್ಲಿ ಕೂರಿಸಿ ಬರುವ ಉಪಾಯವನ್ನು ಊರಿನ ಅಣ್ಣಂದಿರು ಹೇಳಿಕೊಟ್ಟಿದ್ದರು. ನಾವು ಹಾಗೆ ಮಾಡಲಿಲ್ಲ. ನಾಲ್ವರೂ ಹೋದೆವು, ನಾಲ್ಕೂ ಹೆಸರು, ನಾಲ್ಕೂ ಊರು ಬರೆಸಿದೆವು. ಭಟ್ಕಳ ಎಂಬಲ್ಲಿ ಮಾಲೀಕರ ಪೆನ್ನು ಒಂದು ಗಳಿಗೆ ನಿಂತಿತು. ಪೊಲೀಸ್ ವೆರಿಫಿಕೇಶನ್ನಿಗೆ ಅಂವನೊಬ್ಬನ ಕಾರ್ಡಿನ ಜೆರಾಕ್ಸ್ ಕೇಳಿದರು. ನಾವು ನಾಲ್ವರದ್ದೂ ಕೊಟ್ಟೆವು. ಅವರು ನಾಲ್ಕನ್ನೂ ಮಡಚಿ ಜೇಬಿಗೆ ಹಾಕಿ, ನಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳಿ ಹೋದರು.

ಈ ಸಲ ಊರಿನಿಂದ ಬರುವವರು ಎಂಟನೇ ಮೈಲಿಯಲ್ಲಿ ಇಳಿಯಿರಿ. ನಮ್ಮ ಸಾಲಿನಲ್ಲಿ ಇನ್ನೂ ಎರಡು ಖೋಲಿ ಖಾಲಿ ಇವೆ. ಬರುವಾಗ ಒಣಮೀನು ತನ್ನಿ, ಇಲ್ಲಿಯದು ಬರೇ ಉಪ್ಪು.